ರಾಯರ ಕಣ್ಣೀರು ಮತ್ತು ವಾರದ ಇಂಜೆಕ್ಷನ್

ಕಳೆದ ಅಕ್ಟೋಬರಿನ ನಮ್ಮ ಓದುಕೂಟ ಎಂದಿನಂತೆ ಅಬು ಹಲೀಫಾದ ಒಂದು ಫ್ಲ್ಯಾಟಿನಲ್ಲಿ ನಡೆಯಿತು. ಬಂದವರು ಹದಿನಾಲ್ಕು ಜನ, ಚಕ್ಕುಲಿ ಎರಡು ಡಬ್ಬಿ, ಕಾಫಿ ಒಂದು ದೊಡ್ಡ ಫ್ಲಾಸ್ಕು. ಆ ದಿನದ ಓದು ನಮ್ಮ ಹಿರಿಯ ಸದಸ್ಯರೊಬ್ಬರದು. ಹೆಸರು ಬೇಡ, ರಾಯರು ಎಂದೇ ಇಟ್ಟುಕೊಳ್ಳೋಣ. ಅವರು ಓದಿದ್ದು ತಮ್ಮದೇ ಕಥೆ. ಊರಿನ ಹಳೇ ಮನೆ ಮಾರುವ ಪ್ರಸಂಗ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಎಡಗಣ್ಣಿನಿಂದ ನೀರು ಇಳಿಯತೊಡಗಿತು. ಮೂರನೇ ಪುಟಕ್ಕೆ ಧಾರೆಯೇ ಆಯಿತು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಲೇ ಓದಿದರು. ಎದುರಿಗೆ ಕುಳಿತಿದ್ದ ಇಬ್ಬರು ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೂ ಗಂಟಲು ಕಟ್ಟಿತು. ಕಥೆ ಮುಗಿದಾಗ ಒಂದು ಕ್ಷಣ ಯಾರಿಗೂ ಚಪ್ಪಾಳೆ ತಟ್ಟುವ ನೆನಪೇ ಆಗಲಿಲ್ಲ.

ಆಮೇಲೆ ಕಾಫಿ ಹಿಡಿದು ಬಾಲ್ಕನಿಗೆ ಹೋದಾಗ ನಾನು ಹೇಳಿದೆ, “ರಾಯರೇ, ನಿಮ್ಮ ಕಥೆ ನಿಮ್ಮನ್ನೇ ಅಳಿಸಿಬಿಟ್ಟಿತಲ್ಲ!”

“ಕಥೆಗೆ ಎಂತ ಅಳುವುದು ಮಾರಾಯ್ರೇ, ಅದನ್ನು ಬರೆದು ಆರು ವರ್ಷ ಆಯಿತು. ಇದು ಕಣ್ಣಿನದ್ದೇ ಉಪದ್ರ. ಪುಸ್ತಕ ಹಿಡಿದರೆ ಸಾಕು, ನೀರು. ಆ ವಾರದ ಇಂಜೆಕ್ಷನ್ ಇದೆಯಲ್ಲ, ಅದರದ್ದೇ ಕೆಲಸ. ಅದಕ್ಕೇ ನಿಲ್ಲಿಸಿಬಿಟ್ಟೆ.”

“ಎಷ್ಟು ದಿನವಾಯಿತು?”

“ನಾಲ್ಕು ವಾರ.”

“ಡಾಕ್ಟರಿಗೆ ಹೇಳಿದ್ದೀರಾ?”

“ಹೇಳಿದರೆ ಬೈಯುತ್ತಾರೆ.”

ನಾನು ವೈದ್ಯನಲ್ಲ. ಫಹಾಹೀಲಿನ ಒಂದು ಔಷಧದಂಗಡಿಯ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ನಿಂತವನು, ಅಷ್ಟೆ. ಆದರೆ ರಾಯರ ಮಾತನ್ನು ಈಚಿನ ದಿನಗಳಲ್ಲಿ ಬೇರೆ ಬೇರೆ ಬಾಯಿಂದ ಇಷ್ಟು ಸಲ ಕೇಳಿದ್ದೇನೆಂದರೆ, ನಮ್ಮ ಪತ್ರಿಕೆಯ ಸಂಪಾದಕರು “ಈ ಸಲ ಕಥೆ ಕವನ ಬಿಟ್ಟು ಏನಾದರೂ ಉಪಯೋಗದ್ದು ಬರೆಯಿರಿ” ಎಂದಾಗ (ಕಥೆ ಕವನದಿಂದ ಉಪಯೋಗವಿಲ್ಲ ಎಂದು ಅವರೇ ಒಪ್ಪಿಕೊಂಡಂತಾಯಿತು!) ವಿಷಯಕ್ಕಾಗಿ ಹುಡುಕಬೇಕಾಗಲಿಲ್ಲ.

ಮೊದಲು ಆ ವಿಚಿತ್ರವನ್ನು ಬಿಡಿಸಿಬಿಡೋಣ. ಕಣ್ಣಿನಿಂದ ನೀರು ಸುರಿಯುತ್ತಿದೆ, ಆದರೆ ರೋಗದ ಹೆಸರು ‘ಡ್ರೈ ಐ’, ಒಣಗಣ್ಣು. ಅದು ಹೇಗೆ?

ಕಣ್ಣೀರು ಬರೀ ನೀರಲ್ಲ. ಕಣ್ಣುಗುಡ್ಡೆಯ ಮೇಲೆ ಸದಾ ಹರಡಿರುವ ಈ ಪೊರೆಯ ದಪ್ಪ ಸುಮಾರು 3 ಮೈಕ್ರಾನ್, ಅಂದರೆ ತಲೆಗೂದಲಿನ ಇಪ್ಪತ್ತನೇ ಒಂದು ಪಾಲಿನಷ್ಟು. ಅಷ್ಟರಲ್ಲೇ ಮೂರು ಬಗೆಯ ವಸ್ತುಗಳಿವೆ. ಒಳಗೆ ಕಣ್ಣಿಗೆ ಅಂಟಿಕೊಂಡು ಲೋಳೆ. ಅದಿಲ್ಲದಿದ್ದರೆ ಮೇಣದ ಬಟ್ಟೆಯ ಮೇಲೆ ಬಿದ್ದ ಹನಿಯಂತೆ ನೀರು ಜಾರಿಹೋಗುತ್ತದೆ. ನಡುವೆ ನೀರು, ಹುಬ್ಬಿನ ಹೊರತುದಿಯ ಕೆಳಗಿರುವ ಗ್ರಂಥಿಯಿಂದ ಬರುವುದು ಇದು. ಎಲ್ಲಕ್ಕೂ ಮೇಲೆ ಎಣ್ಣೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಹತ್ತಾರು ಸಣ್ಣ ಎಣ್ಣೆಗ್ರಂಥಿಗಳಿವೆ, ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ರೆಪ್ಪೆ ಬಡಿದಾಗಲೆಲ್ಲ ಅವು ಒಂದಿಷ್ಟು ಎಣ್ಣೆ ಬಿಡುತ್ತವೆ. ಉಪ್ಪಿನಕಾಯಿ ಭರಣಿಯಲ್ಲಿ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸುತ್ತಾರಲ್ಲ, ಅದೇ ಉಪಾಯ: ಎಣ್ಣೆ ಇದ್ದರೆ ಕೆಳಗಿನದಕ್ಕೆ ಗಾಳಿ ತಾಗುವುದಿಲ್ಲ, ಆರುವುದಿಲ್ಲ.

ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ. ನೀರೇ ಕಡಿಮೆಯಾದರೆ ಉಳಿದದ್ದು ಉಪ್ಪುಪ್ಪಾಗುತ್ತದೆ. ಆ ಉಪ್ಪು ಕಣ್ಣಿನ ಮೇಲ್ಮೈಯನ್ನು ಕೆರಳಿಸುತ್ತದೆ. ಒಣಗಿದ ಜಾಗದಿಂದ ನರಗಳು ಮಿದುಳಿಗೆ ದೂರು ಕೊಡುತ್ತವೆ. ಮಿದುಳು ಗಾಬರಿಯಾಗಿ ದೊಡ್ಡ ಗ್ರಂಥಿಗೆ ಅಪ್ಪಣೆ ಮಾಡುತ್ತದೆ. ಒಮ್ಮೆಲೇ ಬಕೆಟ್ಟುಗಟ್ಟಲೆ ನೀರು ಬರುತ್ತದೆ. ಈರುಳ್ಳಿ ಹೆಚ್ಚುವಾಗ ಬರುವಂಥದೇ ನೀರು ಇದು. ಇದರಲ್ಲಿ ಎಣ್ಣೆಯೂ ಲೋಳೆಯೂ ಹದವಾಗಿ ಇಲ್ಲದ್ದರಿಂದ ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ಓದುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ. ಮಾಮೂಲಿಗೆ ನಿಮಿಷಕ್ಕೆ ಹದಿನೈದರಷ್ಟು ಬಡಿಯುವ ರೆಪ್ಪೆ ಪುಸ್ತಕದ ಮುಂದೆ, ಕಂಪ್ಯೂಟರಿನ ಮುಂದೆ ಅರ್ಧಕ್ಕೂ ಕೆಳಗೆ ಇಳಿಯುವುದುಂಟು. ರಾಯರಿಗೆ ಎರಡನೇ ಪುಟದಲ್ಲಿ ಕಣ್ಣೀರು ಬಂದದ್ದರ ಕಾರಣ ಅಲ್ಲಿದೆ. ಅವರ ಕಥೆ ಚೆನ್ನಾಗಿತ್ತು, ಆ ಮಾತು ಬೇರೆ.

ಇನ್ನು ನಾವಿರುವ ಊರು. ಇದೇ ದೇಶದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಬು ಹಲೀಫಾ ಸಮುದ್ರದ ಅಂಚಿನಲ್ಲಿರುವುದರಿಂದ ಆಗಸ್ಟಿನಲ್ಲಿ ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಮಂಜು ಕೂರುತ್ತದೆ, ಅಷ್ಟು ತೇವ. ಹಾಗಾಗಿ ಇಲ್ಲಿ ಕಣ್ಣು ಒಣಗುವುದೆಲ್ಲಿ ಎಂದು ಕೇಳುವವರಿದ್ದಾರೆ. ಆದರೆ ನಾವು ಹೊರಗೆ ಎಷ್ಟು ಹೊತ್ತು ಇರುತ್ತೇವೆ ಸ್ವಾಮಿ? ಕಾರಿನ ಏಸಿ, ಆಫೀಸಿನ ಏಸಿ, ಮಾಲಿನ ಏಸಿ, ರಾತ್ರಿ ಎಂಟು ಗಂಟೆ ಮಲಗುವ ಕೋಣೆಯ ಏಸಿ. ತಣ್ಣಗಾಗುವಾಗ ಗಾಳಿಯಲ್ಲಿದ್ದ ನೀರೆಲ್ಲ ಯಂತ್ರದ ಕೊಳವೆಯಿಂದ ತೊಟ್ಟಿಕ್ಕಿ ಹೋಗಿ, ನಮ್ಮ ಮುಖಕ್ಕೆ ಬೀಸುವುದು ಒಣಗಾಳಿ. ಅದರ ಮೇಲೆ ಶಮಾಲ್ ಬೀಸಿದ ದಿನ ಕಿಟಕಿಯ ಸಂದಿಯಿಂದ ನುಸುಳುವ ದೂಳು. ದೂಳಿಗೆ ಮೂಗು ಸೋರುತ್ತದೆಂದು ಸೆಟ್ರಿಜಿನ್ ಮಾತ್ರೆ. ಆ ಮಾತ್ರೆ ಮೂಗನ್ನು ಒಣಗಿಸುವಾಗ ಕಣ್ಣನ್ನೂ ಒಂದಿಷ್ಟು ಒಣಗಿಸುತ್ತದೆ ಎಂಬುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ಈಗ ಸಕ್ಕರೆ ಕಾಯಿಲೆಗೆ ಬರೋಣ. ಕುವೈತಿನಲ್ಲಿ ವಯಸ್ಕರ ಪೈಕಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇದೆಯೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು. ಇದಕ್ಕಾಗಿಯೇ ಕುವೈತ್ ನಗರದಲ್ಲಿ 2006ರಲ್ಲಿ ದಸ್ಮಾನ್ ಡಯಾಬಿಟಿಸ್ ಇನ್‌ಸ್ಟಿಟ್ಯೂಟ್ ತೆರೆಯಿತು. ನಮ್ಮ ದೇಶದ್ದೂ ಹೆಮ್ಮೆಪಡುವ ಸ್ಥಿತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ 10.1 ಕೋಟಿ ಜನರ ಲೆಕ್ಕ ಕೊಟ್ಟಿದೆ. ನಾವು ಆ ದೇಶದವರು, ಈ ದೇಶದಲ್ಲಿರುವವರು. ಎರಡೂ ಕಡೆಯ ಪಾಲು ನಮಗುಂಟು.

ಸಕ್ಕರೆ ಕಾಯಿಲೆಯೆಂದರೆ ಕಣ್ಣಿನ ಹಿಂಭಾಗದ ರೆಟಿನಾ ಎಂದು ಎಲ್ಲರಿಗೂ ಗೊತ್ತು. ಮುಂಭಾಗದ ಕಥೆ ಯಾರೂ ಹೇಳುವುದಿಲ್ಲ. ಕಣ್ಣಿನ ಮುಂದಿನ ಗಾಜಿನಂಥ ಪಟಲ, ಕಾರ್ನಿಯಾ, ಇಡೀ ದೇಹದಲ್ಲೇ ಅತಿ ಹೆಚ್ಚು ನರಗಳು ಒತ್ತೊತ್ತಾಗಿ ತುಂಬಿದ ಜಾಗ. ಅದಕ್ಕೇ ಒಂದು ಕೂದಲೆಳೆ ತಾಗಿದರೂ ಪ್ರಾಣ ಹೋದಂತಾಗುವುದು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅಂಗಾಲಿನ ನರ ಜೋಮು ಹಿಡಿಯುತ್ತದಲ್ಲ, ಅದೇ ರೀತಿ ಕಾರ್ನಿಯಾದ ನರಗಳೂ ಸವೆಯುತ್ತವೆ. ಚಪ್ಪಲಿ ಜಾರಿದ್ದೇ ಗೊತ್ತಾಗದವರು ನಮ್ಮಲ್ಲಿದ್ದಾರೆ. ಹಾಗೆಯೇ ಕಣ್ಣು ಒಣಗಿದ್ದೇ ಗೊತ್ತಾಗದವರೂ ಇದ್ದಾರೆ. ನರ ಸವೆದರೆ ಎರಡು ನಷ್ಟ. ಕಣ್ಣೀರು ತರಿಸುವ ದೂರು ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ, ಆದ್ದರಿಂದ ನೀರು ಇನ್ನೂ ಕಡಿಮೆಯಾಗುತ್ತದೆ. ಮತ್ತೆ, ಆ ನರಗಳು ಕಾರ್ನಿಯಾದ ಮೇಲ್ಪದರವನ್ನು ಪೋಷಿಸುತ್ತವೆ ಕೂಡ. ಅವಿಲ್ಲದೆ ಸಣ್ಣ ಗೀರು ಬೇಗ ಮಾಯುವುದಿಲ್ಲ. ಕಣ್ಣೀರಿನ ಗ್ರಂಥಿಯನ್ನು ನಡೆಸುವ ನರಗಳಿಗೂ ಇದೇ ಗತಿ. ಲೋಳೆ ಸುರಿಸುವ ಕೋಶಗಳೂ ಕಡಿಮೆಯಾಗುತ್ತವೆ.

ಇದರ ಅರ್ಥ ಸ್ವಲ್ಪ ಭಯ ಹುಟ್ಟಿಸುವಂಥದು. ಸಾಮಾನ್ಯರಲ್ಲಿ ಉರಿ, ತುರಿಕೆ, ಮರಳು ಬಿದ್ದಂಥ ಒತ್ತು ಎಷ್ಟಿದೆಯೋ ಅದರಿಂದ ಒಣಗಿರುವುದನ್ನು ಒಂದು ಮಟ್ಟಿಗೆ ಊಹಿಸಬಹುದು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕ ಕೈಕೊಡುತ್ತದೆ. ದೂರು ಹೇಳುವ ಕಣ್ಣೇ ಮೇಲು. ಸುಮ್ಮನಿರುವ ಕಣ್ಣಿನ ಗತಿ ಏನಾಗಿದೆಯೆಂದು ಪರೀಕ್ಷೆ ಮಾಡದೆ ತಿಳಿಯುವುದಿಲ್ಲ. ರಾಯರ ವಿಷಯದಲ್ಲಿ ಇದು ಹೇಗಾಯಿತೆಂದು ಮುಂದೆ ಹೇಳುತ್ತೇನೆ.

ಹಾಗಾದರೆ ಔಷಧಗಳು? ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು. ‘ಶುಗರ್ ಮಾತ್ರೆ’ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಆಗುವುದಿಲ್ಲ.

ಎಲ್ಲಕ್ಕೂ ಹಳೆಯದು ಮೆಟ್‌ಫಾರ್ಮಿನ್. ಇದು ನೇರವಾಗಿ ಕಣ್ಣೀರನ್ನು ಒಣಗಿಸುವುದಿಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ-12 ವಿಟಮಿನ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಸಾಮಾನ್ಯವಾಗಿ ಕಂಡುಬರುವ ಅಡ್ಡಪರಿಣಾಮವೆಂದೇ ಹೇಳಿ, ಅಪಾಯವಿರುವವರಿಗೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ತಿಳಿಸಿತು. ಬಿ-12 ಇರುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ನಮ್ಮಲ್ಲಿ ಸಸ್ಯಾಹಾರಿಗಳು ಎಷ್ಟು ಜನ, ಅವರಲ್ಲಿ “ಕೊಲೆಸ್ಟ್ರಾಲು” ಎಂದು ಹಾಲನ್ನೂ ಬಿಟ್ಟವರು ಎಷ್ಟು ಜನ, ಲೆಕ್ಕ ಹಾಕಿ. ಬಿ-12 ನರಗಳಿಗೆ ಬೇಕಾದ ವಿಟಮಿನ್. ಸಕ್ಕರೆಯಿಂದ ಸವೆದ ನರಕ್ಕೆ ಅದೂ ಇಲ್ಲವೆಂದಾದರೆ ಕಾಲಿನ ಜೋಮು, ಕಣ್ಣಿನ ಉರಿ ಎಲ್ಲಕ್ಕೂ ‘ಶುಗರ್’ ಎಂಬ ಒಂದೇ ಹಣೆಪಟ್ಟಿ ಬೀಳುತ್ತದೆ. ಕಾರಣ ಎರಡಿದ್ದಾವು ಎಂದು ಯಾರಿಗೂ ಹೊಳೆಯುವುದಿಲ್ಲ.

ಎರಡನೇ ಗುಂಪು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದವು. ಇವುಗಳ ಪೂರ್ವಜ ಸೇಬಿನ ಮರದ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ಕಹಿವಸ್ತು. ಮೂತ್ರಪಿಂಡ ಸಕ್ಕರೆಯನ್ನು ರಕ್ತಕ್ಕೆ ಹಿಂದಿರುಗಿಸದಂತೆ ತಡೆದು ಮೂತ್ರದಲ್ಲಿ ಹೊರಹಾಕಿಸುವುದು ಇವುಗಳ ಕೆಲಸ. ದಿನಕ್ಕೆ 60ರಿಂದ 80 ಗ್ರಾಂ ಸಕ್ಕರೆ ಹೀಗೆ ಹೋಗುವುದುಂಟು. ಸಕ್ಕರೆಯ ಜೊತೆಗೆ ನೀರೂ ಹೋಗುತ್ತದೆ. ಮೈಯ ನೀರು ಹೋದರೆ ಕಣ್ಣೂ ಒಣಗಬೇಕಲ್ಲವೇ ಎಂದು ನಾನು ಅಂದುಕೊಂಡಿದ್ದೆ. ಆದರೆ 2022ರಲ್ಲಿ ತೈವಾನಿನ ಸಂಶೋಧಕರು ಪ್ರಕಟಿಸಿದ ಹೋಲಿಕೆಯಲ್ಲಿ ಉಲ್ಟಾ ಕಂಡಿತು: ವಾರದ ಇಂಜೆಕ್ಷನ್ನಿನ ಗುಂಪಿನ ಔಷಧ ತೆಗೆದುಕೊಂಡವರಿಗಿಂತ ಈ ಮಾತ್ರೆಯವರಲ್ಲಿ ಒಣಗಣ್ಣು ಹೊಸದಾಗಿ ಬಂದದ್ದು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಉರಿಯೂತ ತಗ್ಗುವುದರಿಂದ ಹೀಗಿರಬಹುದೆಂದು ಒಂದು ವಿವರಣೆ. ಹಳೆಯ ದಾಖಲೆಗಳನ್ನು ತಿರುವಿ ಹಾಕಿ ಮಾಡಿದ ಅಧ್ಯಯನವಾದ್ದರಿಂದ ಅದನ್ನು ಸುಳಿವು ಎನ್ನಬಹುದೇ ಹೊರತು ತೀರ್ಪು ಎನ್ನಲಾಗದು. ಇಂಜೆಕ್ಷನ್ ಕಣ್ಣು ಒಣಗಿಸುತ್ತದೆ ಎಂದೂ ಅದು ಹೇಳುವುದಿಲ್ಲ. ಎರಡು ಔಷಧಗಳ ನಡುವಿನ ವ್ಯತ್ಯಾಸವನ್ನಷ್ಟೇ ಹೇಳುತ್ತದೆ. ಇದನ್ನು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ರಾಯರಿಗೆ ವಾಟ್ಸಪ್ಪಿನಲ್ಲಿ ಬಂದಿದ್ದ ಸಂದೇಶ ಇದೇ ಅಧ್ಯಯನವನ್ನು ‘ಇಂಜೆಕ್ಷನ್ನಿನಿಂದ ಕಣ್ಣೀರು ಬತ್ತುತ್ತದೆ’ ಎಂದು ಬರೆದಿತ್ತು.

ಮೂರನೆಯದು ಆ ಇಂಜೆಕ್ಷನ್ನೇ. ಓಜೆಂಪಿಕ್, ವೆಗೋವಿ ಎಂದರೆ ಸೆಮಾಗ್ಲುಟೈಡ್. ಮೌಂಜಾರೋ ಎಂದರೆ ಟಿರ್ಜೆಪಟೈಡ್. ಕುವೈತಿನ ಕೌಂಟರಿನಲ್ಲಿ ಈ ಹೆಸರು ಕೇಳದ ದಿನವಿಲ್ಲ. ಮೌಂಜಾರೋ 2025ರ ಮಾರ್ಚಿನಲ್ಲಿ, ವೆಗೋವಿ ಅದೇ ಜೂನಿನಲ್ಲಿ ಭಾರತದ ಮಾರುಕಟ್ಟೆಗೂ ಬಂದವು. ಇವುಗಳ ಹುಟ್ಟಿನ ಕಥೆ ಮರುಭೂಮಿಯವರಾದ ನಮಗೆ ಹೇಳಿ ಮಾಡಿಸಿದಂತಿದೆ. ಇಲ್ಲಿನ ಮರಳಿನಲ್ಲಿ ‘ಧಬ್’ ಎಂಬ ಮುಳ್ಳುಬಾಲದ ಹಲ್ಲಿ ಇದೆಯಲ್ಲ. ಅಮೆರಿಕದ ಮರುಭೂಮಿಯಲ್ಲಿ ಅಂಥದೇ ಆದರೆ ವಿಷವಿರುವ ಹಲ್ಲಿಯೊಂದಿದೆ, ಹೆಸರು ಹೀಲಾ ಮಾನ್‌ಸ್ಟರ್. ಅದರ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯರು 1992ರ ಹೊತ್ತಿಗೆ ಒಂದು ವಸ್ತುವನ್ನು ಗುರುತಿಸಿದರು. ಊಟವಾದ ಮೇಲೆ ನಮ್ಮ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನಂತೆಯೇ ಅದು ಕೆಲಸ ಮಾಡುತ್ತಿತ್ತು, ಆದರೆ ನಿಮಿಷಗಳಲ್ಲಿ ಕರಗಿಹೋಗುತ್ತಿರಲಿಲ್ಲ. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಔಷಧವಾಯಿತು. ಇಂದಿನ ವಾರದ ಇಂಜೆಕ್ಷನ್ನುಗಳು ಅದೇ ದಾರಿಯಲ್ಲಿ ಮುಂದೆ ಬಂದವು.

ಇವು ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಕಣ್ಣಿಗೆ ಇದರಿಂದ ಏನು? ನನ್ನ ತಿಳಿವಳಿಕೆಯಲ್ಲಿ ಕೆಡುಕಾಗುವುದಿದ್ದರೆ ಹೆಚ್ಚಾಗಿ ಬಳಸುದಾರಿಯಲ್ಲಿ. ಮೊದಲನೆಯದು ನೀರು. ಮೊದಲ ವಾರಗಳಲ್ಲಿ ವಾಕರಿಕೆ, ವಾಂತಿ, ಭೇದಿ ಆಗುವುದುಂಟು. ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ: ಈ ಔಷಧಗಳು ಹಸಿವಿನ ಜೊತೆಗೆ ಬಾಯಾರಿಕೆಯನ್ನೂ ಕಡಿಮೆ ಮಾಡುತ್ತವೆ. ಜುಲೈ ತಿಂಗಳ ಕುವೈತಿನಲ್ಲಿ ಬಾಯಾರಿಕೆಯಾಗದ ಮನುಷ್ಯ ಎಂದರೆ ಏನಾಗಬಹುದು ಯೋಚಿಸಿ. ರಂಜಾನ್ ಉಪವಾಸ ಹಿಡಿಯುವ ಗೆಳೆಯರು ಔಷಧದ ವೇಳೆ, ಪ್ರಮಾಣ ಎರಡನ್ನೂ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕಾದದ್ದು ಇದಕ್ಕೇ.

ಎರಡನೆಯದು ತಟ್ಟೆ. ಎರಡು ಇಡ್ಲಿಗೆ ಹೊಟ್ಟೆ ತುಂಬಿತು ಎನ್ನುವವರು ಸೊಪ್ಪು, ಹಣ್ಣು, ಮೊಟ್ಟೆ, ಮೀನನ್ನೇ ಮೊದಲು ಬಿಡುತ್ತಾರೆ, ಅನ್ನವನ್ನಲ್ಲ. ಲೋಳೆ ಸುರಿಸುವ ಕೋಶಗಳಿಗೆ ಎ ವಿಟಮಿನ್ ಬೇಕೇ ಬೇಕು. ಹೊಟ್ಟೆಯನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಕುವೈತಿನಲ್ಲಿ ಬಹಳ ಸಾಮಾನ್ಯ; ತೂಕ ಇಳಿಸಲು ಕರುಳಿನ ದಾರಿ ಬದಲಿಸುವ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ವರ್ಷಗಳ ನಂತರ ಎ ವಿಟಮಿನ್ ಕೊರತೆಯಿಂದ ಇರುಳುಗುರುಡು, ಕಣ್ಣಿನ ಮೇಲ್ಮೈ ಒಣಗುವುದು ಕಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಇಂಜೆಕ್ಷನ್ನಿನಲ್ಲಿ ಅಷ್ಟು ಕೊರತೆಯಾಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಆರು ತಿಂಗಳು ಗುಬ್ಬಚ್ಚಿಯ ಹಾಗೆ ತಿಂದವರು ಏನು ತಿಂದರೆಂದು ನೋಡಿಕೊಳ್ಳಬೇಕು. ಮೀನೆಣ್ಣೆಯ ಗುಳಿಗೆ ನುಂಗಿದರೆ ಸರಿಹೋಗುತ್ತದೆಂದು ನಮ್ಮ ಕೌಂಟರಿಗೆ ಬರುವವರು ಬಹಳ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 3 ಗ್ರಾಂ ಒಮೆಗಾ-3ಯನ್ನು ಒಂದು ವರ್ಷ ಕೊಟ್ಟರೂ ಒಣಗಣ್ಣಿಗೆ ಆಲಿವ್ ಎಣ್ಣೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮಾರುವವನಾಗಿ ನಾನು ಇದನ್ನು ಹೇಳಬಾರದು! ಫಹಾಹೀಲಿನ ಮೀನು ಮಾರುಕಟ್ಟೆಯ ಬಂಗುಡೆ ಊಟಕ್ಕೆ ಒಳ್ಳೆಯದು, ತಿನ್ನಿ. ಗುಳಿಗೆಯ ದುಡ್ಡನ್ನು ಬೇರೆಯದಕ್ಕೆ ಇಡಿ.

ಈ ಇಂಜೆಕ್ಷನ್ನಿನಿಂದ ಒಳಿತೂ ಇದೆ. ಸಕ್ಕರೆ ಇಳಿಯುತ್ತದೆ, ತೂಕ ಇಳಿಯುತ್ತದೆ, ಮೈಯೊಳಗಿನ ಉರಿಯೂತ ತಗ್ಗುತ್ತದೆ. ಕಾರ್ನಿಯಾದ ನರವನ್ನು ತಿನ್ನುತ್ತಿದ್ದದ್ದೇ ಸಕ್ಕರೆಯಾದ್ದರಿಂದ ಇದು ಸಣ್ಣ ಲಾಭವಲ್ಲ.

ತೂಕಕ್ಕೆಂದೇ ಕೊಡುವ ಹಳೆಯ ಔಷಧಗಳ ಬಗ್ಗೆ ಎರಡು ಮಾತು. ಆರ್ಲಿಸ್ಟಾಟ್ ಊಟದಲ್ಲಿನ ಕೊಬ್ಬಿನ ಸುಮಾರು ಮೂರನೇ ಒಂದು ಪಾಲನ್ನು ಹೀರದಂತೆ ಮಾಡುತ್ತದೆ. ಕೊಬ್ಬಿನೊಡನೆ ಎ, ಡಿ, ಇ, ಕೆ ವಿಟಮಿನ್ನುಗಳೂ ಹೋಗುತ್ತವೆ. ಅದಕ್ಕೇ ಮಲ್ಟಿವಿಟಮಿನ್ ಗುಳಿಗೆಯನ್ನು ಅದರಿಂದ ಎರಡು ಗಂಟೆಯಾದರೂ ದೂರವಿಟ್ಟು, ರಾತ್ರಿ ಮಲಗುವಾಗ ತೆಗೆದುಕೊಳ್ಳಬೇಕು. ಫೆಂಟರ್ಮಿನ್ ಬಾಯಿ ಒಣಗಿಸುತ್ತದೆ. ಅದರ ಜೊತೆ ಸೇರಿಸುವ ಟೊಪಿರಮೇಟಿನದು ಬೇರೆಯೇ ಅಪಾಯ: ಅಪರೂಪಕ್ಕೆ, ಸಾಮಾನ್ಯವಾಗಿ ಮೊದಲ ತಿಂಗಳೊಳಗೆ, ದೂರದ್ದು ಇದ್ದಕ್ಕಿದ್ದಂತೆ ಮಂಜಾಗಿ, ಕಣ್ಣು ಕೆಂಪಾಗಿ ನೋಯತೊಡಗಿದರೆ ಅದು ಕಣ್ಣೊಳಗಿನ ಒತ್ತಡ ಏರಿದ್ದಿರಬಹುದು. ಅಂಥ ಕಣ್ಣಿಗೆ ‘ಡ್ರೈ ಐ ಡ್ರಾಪ್ಸ್’ ಹಾಕಿಕೊಂಡು ಬೆಳಗಿನವರೆಗೆ ಕಾಯುವಂತಿಲ್ಲ, ಅದೇ ರಾತ್ರಿ ತುರ್ತು ವಿಭಾಗಕ್ಕೆ ಹೋಗಬೇಕು.

ಇಲ್ಲಿಂದ ನನಗೆ ಹೆಚ್ಚು ಆತಂಕವಿರುವ ಭಾಗಕ್ಕೆ ಬರುತ್ತೇನೆ. ಇಂಜೆಕ್ಷನ್ ಶುರುಮಾಡಿದವರು “ಕಣ್ಣು ಮಂಜು” ಎಂದಾಗ ಅದು ಒಣಗಣ್ಣೇ ಆಗಿರಬೇಕೆಂದಿಲ್ಲ. ಒಣಗಣ್ಣಿನ ಮಂಜು ರೆಪ್ಪೆ ಬಡಿದರೆ ಒಂದು ಕ್ಷಣ ತಿಳಿಯಾಗುತ್ತದೆ, ಮತ್ತೆ ಮಸುಕಾಗುತ್ತದೆ. ಸಕ್ಕರೆ ಬೇಗನೆ ಇಳಿದಾಗ ಆಗುವ ಮಂಜು ಹಾಗಲ್ಲ. ಏರಿದ್ದ ಸಕ್ಕರೆಗೆ ಕಣ್ಣಿನ ಮಸೂರ ಹೊಂದಿಕೊಂಡಿರುತ್ತದೆ; ಸಕ್ಕರೆ ಇಳಿದಾಗ ಮಸೂರದೊಳಗೆ ನೀರಿನ ಹದ ಬದಲಾಗಿ, ನಿನ್ನೆ ಸರಿಯಿದ್ದ ಕನ್ನಡಕ ಇಂದು ಸರಿಯಿಲ್ಲ. ಇದು ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಅಷ್ಟರಲ್ಲಿ ಅವಸರಪಟ್ಟು ನಲವತ್ತು ದಿನಾರಿನ ಹೊಸ ಕನ್ನಡಕ ಮಾಡಿಸಿ, ಎರಡು ತಿಂಗಳಿಗೆ ಅದನ್ನು ಪೆಟ್ಟಿಗೆಯಲ್ಲಿ ಇಟ್ಟವರನ್ನು ಬಲ್ಲೆ. (ಒಪ್ಪಿಕೊಂಡುಬಿಡುತ್ತೇನೆ, ನನ್ನ ಹೆಂಡತಿಯೇ.)

ರೆಟಿನಾದ ಮಾತು ಇದಕ್ಕಿಂತ ಗಂಭೀರ. ಸೆಮಾಗ್ಲುಟೈಡನ್ನು 3,297 ಜನರಲ್ಲಿ ಎರಡು ವರ್ಷ ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಹೃದಯಕ್ಕೆ ಒಳ್ಳೆಯದಾಯಿತು. ಆದರೆ ರೆಟಿನಾದ ತೊಡಕುಗಳು ಔಷಧ ಪಡೆದವರಲ್ಲಿ ನೂರಕ್ಕೆ 3, ಪಡೆಯದವರಲ್ಲಿ 1.8. ಹೆಚ್ಚಿನವು ಮೊದಲೇ ರೆಟಿನಾ ಹಾಳಾಗಿದ್ದು ಸಕ್ಕರೆ ದಿಢೀರನೆ ಇಳಿದವರಲ್ಲಿ. ಇನ್ಸುಲಿನ್ ಕೊಟ್ಟು ಸಕ್ಕರೆ ಬೇಗ ಇಳಿಸಿದಾಗಲೂ ಹೀಗಾಗುವುದು ಹಿಂದಿನಿಂದ ಗೊತ್ತಿದ್ದದ್ದೇ. ಇನ್ನು ಕಣ್ಣಿನ ನರಕ್ಕೆ ರಕ್ತ ಕಡಿಮೆಯಾಗಿ ಒಂದು ಕಣ್ಣು ನೋವಿಲ್ಲದೆ ಇದ್ದಕ್ಕಿದ್ದಂತೆ ಮಂಕಾಗುವ ಕಾಯಿಲೆ. ಬಾಸ್ಟನ್ನಿನ ಕಣ್ಣಾಸ್ಪತ್ರೆಯೊಂದರ ವೈದ್ಯರು 2024ರ ಜುಲೈನಲ್ಲಿ ಸೆಮಾಗ್ಲುಟೈಡಿನ ಜೊತೆಗೆ ಇದರ ನಂಟನ್ನು ತೋರಿಸಿದರು. ಯುರೋಪಿನ ಔಷಧ ಸಂಸ್ಥೆ 2025ರ ಜೂನಿನಲ್ಲಿ ಇದನ್ನು ಬಹಳ ಅಪರೂಪದ ಅಡ್ಡಪರಿಣಾಮವೆಂದು, ಹತ್ತು ಸಾವಿರದಲ್ಲಿ ಒಬ್ಬರವರೆಗೆ ಎಂದು, ಒಪ್ಪಿಕೊಂಡಿತು. ಅಷ್ಟು ಅಪರೂಪದ್ದಕ್ಕೆ ಹೆದರಿ ಔಷಧ ಬಿಡಬೇಕಾಗಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ಒಂದು ಕಣ್ಣಿಗೆ ಪರದೆ ಬಿದ್ದಂತಾದರೆ ಔಷಧದಂಗಡಿಗೆ ಬಂದು ಡ್ರಾಪ್ಸ್ ಕೇಳಬೇಡಿ, ನನ್ನ ಬಳಿ ಅದಕ್ಕೆ ಏನೂ ಇಲ್ಲ. ನೆಟ್ಟಗೆ ಆಸ್ಪತ್ರೆಗೆ ಹೋಗಿ.

ಒಮ್ಮೆ ಒಣಗಣ್ಣೆಂಬ ಹಣೆಪಟ್ಟಿ ಬಿದ್ದರೆ ಇವೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ. ಊರಿಂದ ಬರುವವರ ಕೈಯಲ್ಲಿ ಇಂಜೆಕ್ಷನ್ ತರಿಸಿ, ಯಾವ ವೈದ್ಯರಿಗೂ ತಿಳಿಸದೆ, ತೂಕಕ್ಕೆಂದು ಚುಚ್ಚಿಕೊಳ್ಳುವವರಿಗಂತೂ ಮೊದಲ ಕಣ್ಣಿನ ಪರೀಕ್ಷೆಯೇ ಆಗಿರುವುದಿಲ್ಲ.

ಮತ್ತೆ ರಾಯರಿಗೆ. ನಾಲ್ಕು ವಾರ ಇಂಜೆಕ್ಷನ್ ಬಿಟ್ಟದ್ದರಿಂದ ಖಾಲಿ ಹೊಟ್ಟೆಯ ಸಕ್ಕರೆ 118ರಿಂದ 190ಕ್ಕೆ ಏರಿತ್ತು. ಕಣ್ಣೀರು ಮಾತ್ರ ಹಾಗೇ ಇತ್ತು. ಇಂಜೆಕ್ಷನ್ನೇ ಕಾರಣವಾಗಿದ್ದರೆ ಅಷ್ಟು ದಿನದಲ್ಲಿ ಸ್ವಲ್ಪವಾದರೂ ಕಡಿಮೆಯಾಗಬೇಕಿತ್ತಲ್ಲ ಎಂದರೆ, ರಾಯರು ಉತ್ತರ ಕೊಡಲಿಲ್ಲ. ಅವರ ಮನೆಯವರು, ನಾವೆಲ್ಲ ಅಕ್ಕ ಎನ್ನುವವರು, ಮರುದಿನವೇ ಅವರನ್ನು ಡಾಕ್ಟರರ ಬಳಿ ಎಳೆದುಕೊಂಡು ಹೋದರು. ಬೈಗುಳವೇನೂ ಆಗಲಿಲ್ಲವಂತೆ. ಬಿಟ್ಟು ಬಹಳ ದಿನವಾದ್ದರಿಂದ ಹಳೆಯ ಪ್ರಮಾಣಕ್ಕೆ ಒಮ್ಮೆಲೇ ಹೋಗದೆ ಕಡಿಮೆಯಿಂದ ಮತ್ತೆ ಶುರುಮಾಡಿಸಿದರು. ಅಲ್ಲಿಂದ ಕಣ್ಣಿನ ವೈದ್ಯರಲ್ಲಿಗೆ.

ಅಲ್ಲಿ ಮಾಡಿದ ಪರೀಕ್ಷೆಯನ್ನು ಜರ್ಮನಿಯ ಓಟೊ ಶಿರ್ಮರ್ 1903ರಲ್ಲಿ ವಿವರಿಸಿದ್ದು, ಇಂದಿಗೂ ಅದೇ ನಡೆಯುತ್ತಿದೆ. ಬೆರಳುದ್ದವೂ ಇಲ್ಲದ ಸೋಸುಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷ ಕಣ್ಣು ಮುಚ್ಚಿಸಿ, ಎಷ್ಟು ಮಿಲಿಮೀಟರ್ ನೆನೆಯಿತೆಂದು ನೋಡುತ್ತಾರೆ. 10ಕ್ಕಿಂತ ಮೇಲಿದ್ದರೆ ಸಾಧಾರಣವಾಗಿ ಸರಿ, 5ಕ್ಕಿಂತ ಕೆಳಗಾದರೆ ಬರಗಾಲ. ರಾಯರ ಎಡಗಣ್ಣು, ಸಭೆಯಲ್ಲಿ ಧಾರೆ ಸುರಿಸಿದ್ದು, 9. ಒಂದು ದಿನವೂ ದೂರು ಹೇಳದ ಬಲಗಣ್ಣು 4. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಬಲ ಕಾರ್ನಿಯಾದ ಕೆಳಭಾಗದ ತುಂಬ ಸಣ್ಣ ಸಣ್ಣ ಗೀರು, ಚುಕ್ಕೆ. ಹತ್ತಿಯ ಎಳೆ ತಾಗಿಸಿದರೆ ಎಡಗಣ್ಣು ಥಟ್ಟನೆ ಮುಚ್ಚಿತು. ಬಲಗಣ್ಣು ತಡವಾಗಿ, ಸೋಮಾರಿಯ ಹಾಗೆ. “ಇಷ್ಟು ದಿನ ಒಳ್ಳೆಯ ಕಣ್ಣು ಅಂತ ನಂಬಿದ್ದು ಅದನ್ನೇ ಮಾರಾಯ್ರೇ” ಎಂದು ರಾಯರು ಫೋನಿನಲ್ಲಿ ಹೇಳಿದಾಗ ಅವರ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

ಪುಣ್ಯಕ್ಕೆ ರೆಟಿನಾ ಹೆಚ್ಚು ಕೆಟ್ಟಿರಲಿಲ್ಲ. ರಕ್ತದಲ್ಲಿ ಬಿ-12 ತೀರಾ ಕಡಿಮೆ; ಹನ್ನೆರಡು ವರ್ಷದ ಮೆಟ್‌ಫಾರ್ಮಿನ್, ಹುಟ್ಟಿನಿಂದ ಸಸ್ಯಾಹಾರ. ದಿನಕ್ಕೆ ಕುಡಿಯುತ್ತಿದ್ದ ನೀರು ಮೂರು ಲೋಟ. ದೂಳಿಗೆಂದು ತಿಂಗಳುಗಟ್ಟಲೆ ದಿನವೂ ಸೆಟ್ರಿಜಿನ್ (ಅದನ್ನು ಕೊಟ್ಟವನು ನಾನೇ, ಕೇಳದೆ). ಮಂಚದ ನೇರಕ್ಕೆ ಏಸಿ. ಕಣ್ಣು ಕೆಂಪಾಗಿದೆಯೆಂದು ಯಾರದೋ ಮಾತು ಕೇಳಿ ದಿನಕ್ಕೆ ಎಂಟು ಸಲ ಹಾಕುತ್ತಿದ್ದ, ಕೆಂಪು ಇಳಿಸುವ ಅಗ್ಗದ ಡ್ರಾಪ್ಸ್ ಬೇರೆ. ಅದರಲ್ಲಿನ ಸಂರಕ್ಷಕ ವಸ್ತುವೇ, ಬೆಂಜಾಲ್ಕೋನಿಯಂ ಕ್ಲೋರೈಡು, ಪದೇ ಪದೇ ಬಿದ್ದರೆ ಕಾರ್ನಿಯಾವನ್ನು ಕೆರೆಯುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕಬೇಕಾದವರಿಗೆ ಸಂರಕ್ಷಕವಿಲ್ಲದ, ಒಂದೊಂದು ಸಲಕ್ಕೆ ಒಂದೊಂದು ಚಿಕ್ಕ ಪ್ಲಾಸ್ಟಿಕ್ ಕೊಳವೆಯಲ್ಲಿ ಬರುವ ಕಣ್ಣೀರು ಹನಿಯೇ ಸರಿ. ಬೆಲೆ ಜಾಸ್ತಿ, ಏನು ಮಾಡುವುದು.

ಈಗ ಅವರಿಗೆ ಆ ಹನಿ, ಬಿ-12 ಚುಚ್ಚುಮದ್ದು, ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡುವ ಕೆಲಸ (ರೆಪ್ಪೆಯ ಎಣ್ಣೆ ಕರಗಲು, ಸಕ್ಕರೆಯವರಿಗೆ ಬಿಸಿ ಗೊತ್ತಾಗದಿರಬಹುದಾದ್ದರಿಂದ ಮೊದಲು ಅಕ್ಕನ ಕೈಯಲ್ಲಿ ಪರೀಕ್ಷೆ). ನೀರಿಗೆ ಅಕ್ಕ ದಿನಕ್ಕೆ ಎರಡು ಬಾಟಲಿ ಅಳತೆ ಮಾಡಿ ಇಡುತ್ತಾರೆ. ಅವರ ಹೃದಯ, ಮೂತ್ರಪಿಂಡ ಎರಡೂ ಸರಿಯಿವೆಯೆಂದು ಕೇಳಿಕೊಂಡ ಮೇಲೆ ನಿಗದಿಯಾದ ಲೆಕ್ಕ ಅದು. ಜನವರಿಯಲ್ಲಿ ಮತ್ತೆ ಪಟ್ಟಿ ಹಾಕಿ ನೋಡಿದರು: ಬಲಗಣ್ಣು 6. ಚುಕ್ಕೆಗಳು ಅರ್ಧಕ್ಕೆ ಇಳಿದಿವೆ. ಮೂರು ತಿಂಗಳ ಸರಾಸರಿ ಸಕ್ಕರೆ 7.1.

ಬರುವ ತಿಂಗಳ ಓದುಕೂಟದಲ್ಲಿ ಅವರದು ಹೊಸ ಕಥೆ. ಪುಟ ಎಷ್ಟೆಂದು ಕೇಳಿದ್ದಕ್ಕೆ ಹನ್ನೊಂದು ಎಂದರು. ಏಸಿಗೆ ಬೆನ್ನು ಮಾಡಿದ, ಬಾಗಿಲ ಪಕ್ಕದ ಕುರ್ಚಿಯನ್ನು ಅವರಿಗೆಂದು ಇಟ್ಟಿದ್ದೇವೆ; ದಯವಿಟ್ಟು ಬೇರೆ ಯಾರೂ ಅಲ್ಲಿ ಕೂರಬಾರದಾಗಿ ವಿನಂತಿ.